ಡೀಪ್ ಫ್ರೀಜರನ್ನು ಫ್ರಿಜ್ ಮಾಡಿ ಅದರಲ್ಲಿ ಅವ್ವನ ಇನ್ಸುಲಿನ್ ಇಟ್ಟಿದ್ದೆ

ಸಿಂಧನೂರಿನಲ್ಲಿ ನನ್ನದೊಂದು ಚಿಕ್ಕ ಕಿರಾಣಿ ಅಂಗಡಿ ಇದೆ. ಹಿಂದೆಯೇ ಮನೆ. ಕಳೆದ ಬೇಸಿಗೆಯಲ್ಲಿ ನಾನು ಮಾಡಿದ ಒಂದು ಕೆಲಸದಿಂದ ಅವ್ವ ನಾಲ್ಕು ದಿನ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಅದೇ ಕೆಲಸವನ್ನು ಈ ಬೇಸಿಗೆಯಲ್ಲಿ ಮಾಡಲು ಹೊರಟಿರುವವರು ನನ್ನ ಪರಿಚಯದವರಲ್ಲೇ ಇಬ್ಬರಿದ್ದಾರೆ. ಒಬ್ಬರ ಮನೆಯಲ್ಲಿ ಸಕ್ಕರೆ ಕಾಯಿಲೆಯವರೂ ಇದ್ದಾರೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಮಾರ್ಚ್ ಮೊದಲ ವಾರ ಮನೆಯ ಫ್ರಿಜ್ ಕೆಟ್ಟಿತು. ಅದೇ ಹೊತ್ತಿಗೆ ಐಸ್‌ಕ್ರೀಮ್ ವ್ಯಾಪಾರ ಬಿಟ್ಟವರೊಬ್ಬರು 300 ಲೀಟರಿನ ಡೀಪ್ ಫ್ರೀಜರನ್ನು ಕಡಿಮೆ ಬೆಲೆಗೆ ಕೊಡುತ್ತೇನೆಂದರು. ಮೇಲೆ ಮುಚ್ಚಳ ತೆರೆಯುವ ಪೆಟ್ಟಿಗೆಯಂಥದ್ದು. ಹೊರಗಿನಿಂದ ಒಂದು ಥರ್ಮೋಸ್ಟಾಟ್ ಜೋಡಿಸಿದರೆ ಅದನ್ನೇ ಫ್ರಿಜ್ ಆಗಿ ಬಳಸಬಹುದು ಎಂದು ಮೊಬೈಲ್‌ನಲ್ಲಿ ವಿಡಿಯೊ ನೋಡಿದ್ದೆ. ಯೋಚನೆಯಲ್ಲಿ ಹುರುಳಿಲ್ಲ ಎಂದು ಇವತ್ತಿಗೂ ನಾನು ಹೇಳುವುದಿಲ್ಲ. ಡೀಪ್ ಫ್ರೀಜರಿನ ಗೋಡೆ ದಪ್ಪ. ತಣ್ಣನೆಯ ಗಾಳಿ ಭಾರವಾದದ್ದು, ಮುಚ್ಚಳ ಎತ್ತಿದರೂ ಪೆಟ್ಟಿಗೆಯ ತಳದಲ್ಲೇ ನಿಂತಿರುತ್ತದೆ; ನಿಲುವು ಫ್ರಿಜ್‌ನ ಬಾಗಿಲು ತೆರೆದಾಗ ಅದೇ ಗಾಳಿ ಕಾಲ ಮೇಲೆ ಸುರಿದು ಹೋಗುತ್ತದೆ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ, ಯಾವಾಗ ಕರೆಂಟ್ ಹೋಗುತ್ತದೋ ಹೇಳಲಾಗದ ನಮ್ಮ ಕಡೆಗೆ ಇಂಥ ಪೆಟ್ಟಿಗೆ ಒಳ್ಳೆಯದೇ ಎನಿಸಿತು.

ಥರ್ಮೋಸ್ಟಾಟ್ ಎಂದರೆ ಕೆಂಪು ಅಂಕಿ ತೋರಿಸುವ, ಅಂಗೈಯಲ್ಲಿ ಹಿಡಿಸುವ ಒಂದು ಡಬ್ಬಿ. ಅದರಿಂದ ಹೊರಡುವ ತೆಳು ವೈರಿನ ತುದಿಯಲ್ಲಿ ಕಪ್ಪು ಮೊಗ್ಗಿನಂಥ ಸೆನ್ಸರ್. ಆ ತುದಿಯನ್ನು ಪೆಟ್ಟಿಗೆಯೊಳಗೆ ಇಳಿಬಿಡಬೇಕು. ಫ್ರೀಜರಿಗೆ ಹೋಗುವ ಕರೆಂಟ್ ಈ ಡಬ್ಬಿಯ ಮೂಲಕವೇ ಹೋಗುತ್ತದೆ. 4 ಡಿಗ್ರಿ ಎಂದು ಹೊಂದಿಸಿದರೆ ಅಷ್ಟು ತಣ್ಣಗಾದ ಕೂಡಲೇ ಕರೆಂಟ್ ಕಡಿಯುತ್ತದೆ, ಸ್ವಲ್ಪ ಬಿಸಿಯಾದರೆ ಮತ್ತೆ ಕೊಡುತ್ತದೆ. ಗೊತ್ತಿದ್ದ ಎಲೆಕ್ಟ್ರಿಷಿಯನ್ ಒಬ್ಬರು ಅರ್ಧ ಗಂಟೆಯಲ್ಲಿ ಜೋಡಿಸಿಕೊಟ್ಟರು. ಸೆನ್ಸರಿನ ವೈರನ್ನು ಮುಚ್ಚಳದ ರಬ್ಬರಿನ ಅಡಿಯಿಂದ ಒಳಗೆ ಬಿಟ್ಟು, ತುದಿಯನ್ನು ಒಳಗೋಡೆಗೆ ಸೆಲ್ಲೋ ಟೇಪಿನಿಂದ ಅಂಟಿಸಿದ್ದು ನಾನೇ.

ಒಂದು ತಿಂಗಳು ಎಲ್ಲವೂ ಚೆನ್ನಾಗಿತ್ತು. ಹಾಲು ಕೆಡಲಿಲ್ಲ, ಕರೆಂಟ್ ಬಿಲ್ ಇಳಿಯಿತು. ಅವ್ವನ ಇನ್ಸುಲಿನ್ ಬಾಟಲಿಗಳನ್ನು ಪಕ್ಕದ ಮನೆಯ ಫ್ರಿಜ್‌ನಿಂದ ತಂದು, ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಪೆಟ್ಟಿಗೆಯ ಅಂಚಿಗೆ ತೂಗುವ ಜಾಳಿಗೆಯಲ್ಲಿ ಇಟ್ಟೆ.

ಆ ತಿಂಗಳಲ್ಲೇ ಆ ಯಂತ್ರ ನನಗೆ ಎರಡು ಮೂರು ಸಲ ಸೂಚನೆ ಕೊಟ್ಟಿತ್ತು. ಮೊದಲನೆಯದು ನೀರು. ಸೊನ್ನೆಗಿಂತ ಕೆಳಗಿದ್ದಾಗ ಗಾಳಿಯ ತೇವ ಗೋಡೆಯ ಮೇಲೆ ಮಂಜಾಗಿ ಕುಳಿತಿರುತ್ತದೆ. 4 ಡಿಗ್ರಿಯಲ್ಲಿ ಅದು ಕರಗಿ ಇಳಿದು ತಳದಲ್ಲಿ ನಿಲ್ಲುತ್ತದೆ. ಮೂರು ದಿನಕ್ಕೊಮ್ಮೆ ಬಟ್ಟೆಯಲ್ಲಿ ಹಿಂಡಿ ಹಿಂಡಿ ಚೊಂಬು ತುಂಬಿಸುತ್ತಿದ್ದೆ. ಮುಚ್ಚಳದ ರಬ್ಬರಿನ ಮಡಿಕೆಯಲ್ಲಿ ಕಪ್ಪು ಬೂಷ್ಟು ಹಿಡಿಯಿತು. ಎರಡನೆಯದು, ಮೇಲಿನ ಪಾಕೆಟ್‌ಗೂ ತಳದ ಪಾಕೆಟ್‌ಗೂ ಅಜಗಜಾಂತರ. ಒಳಗೆ ಗಾಳಿಯಾಡಿಸುವ ಫ್ಯಾನ್ ಇಲ್ಲವಲ್ಲ, ತಂಪೆಲ್ಲ ಕೆಳಗೆ ಇಳಿದು ಕೂರುತ್ತದೆ. ಮೂರನೆಯದನ್ನು ನಾನು ನೋಡಿಯೂ ನೋಡದವನಂತೆ ಬಿಟ್ಟೆ. ಗೋಡೆಗೆ ಒರಗಿಸಿಟ್ಟ ಮೊಸರಿನ ಪಾಕೆಟ್ ತೆಗೆದರೆ, ಗೋಡೆಗೆ ತಾಗಿದ ಬದಿ ಮಾತ್ರ ಮಂಜುಗಡ್ಡೆಯಾಗಿರುತ್ತಿತ್ತು, ಇನ್ನೊಂದು ಬದಿ ಮೆತ್ತಗೆ. ಹೊರಗಿನ ಡಬ್ಬಿ 4 ಎಂದೇ ತೋರಿಸುತ್ತಿತ್ತು. ಡೀಪ್ ಫ್ರೀಜರಿನಲ್ಲಿ ತಂಪು ಮಾಡುವ ಕೊಳವೆಗಳು ಗೋಡೆಯ ತಗಡಿನ ಹಿಂದೆಯೇ ಸುತ್ತಿಕೊಂಡಿರುತ್ತವೆ. ಕಂಪ್ರೆಸರ್ ಓಡುವಾಗ ಗೋಡೆ ಸೊನ್ನೆಗಿಂತ ಎಷ್ಟೋ ಕೆಳಗೆ ಹೋಗುತ್ತದೆ, ಡಬ್ಬಿ ಕರೆಂಟ್ ಕಡಿದ ಮೇಲೂ ಸ್ವಲ್ಪ ಹೊತ್ತು ಹಾಗೆಯೇ ಇರುತ್ತದೆ. ಸೆನ್ಸರ್ ಹೇಳುವುದು ತನ್ನ ತುದಿಗೆ ತಾಗಿದ್ದನ್ನು ಮಾತ್ರ. ಪೆಟ್ಟಿಗೆಯ ಬೇರೆ ಮೂಲೆಗಳಲ್ಲಿ ಏನಾಗುತ್ತಿದೆ ಎಂಬುದು ಅದಕ್ಕೆ ತಿಳಿಯುವುದಿಲ್ಲ.

ಏಪ್ರಿಲ್ ಎರಡನೇ ವಾರದ ಒಂದು ರಾತ್ರಿ ತೇವಕ್ಕೆ ನೆನೆದಿದ್ದ ಆ ಟೇಪ್ ಬಿಟ್ಟುಕೊಂಡಿತು. ಕೊನೆಯ ಗಿರಾಕಿಗೆ ಮಜ್ಜಿಗೆ ತೆಗೆದುಕೊಟ್ಟು ಮುಚ್ಚಳ ಹಾಕುವಾಗ ವೈರ್ ಎಳೆದುಕೊಂಡಿರಬೇಕು, ಸೆನ್ಸರ್ ಹೊರಗೆ ಬಂದು ಪೆಟ್ಟಿಗೆಯ ಹಿಂಬದಿಯಲ್ಲಿ ತೂಗಾಡುತ್ತಿತ್ತು. ನಾನು ಶಟರ್ ಎಳೆದು ಮಲಗಿದೆ. ಮುಚ್ಚಿದ ಅಂಗಡಿಯ ಸೆಖೆಯನ್ನೇ ಪೆಟ್ಟಿಗೆಯೊಳಗಿನ ಸೆಖೆ ಎಂದು ಬಗೆದು ಡಬ್ಬಿ ಇಡೀ ರಾತ್ರಿ ಕಂಪ್ರೆಸರ್ ಓಡಿಸಿತು.

ಬೆಳಿಗ್ಗೆ ಐದೂವರೆಗೆ ಹಾಲು ಇಳಿಸಿಕೊಳ್ಳಲು ಬಂದಾಗ ಕೆಂಪು ಅಂಕಿ 34.6 ತೋರಿಸುತ್ತಿತ್ತು. ಕಂಪ್ರೆಸರ್ ಸುಟ್ಟುಹೋಗಿದೆ, ಹಾಲೆಲ್ಲ ಒಡೆದಿರುತ್ತದೆ ಎಂದುಕೊಂಡು ಮುಚ್ಚಳ ಎತ್ತಿದೆ. ಮುಖಕ್ಕೆ ಬೆಳ್ಳನೆಯ ತಣ್ಣನೆಯ ಹೊಗೆ ಹೊಡೆಯಿತು. ಹಾಲಿನ ಪಾಕೆಟ್‌ಗಳು ಇಟ್ಟಿಗೆಗಳಾಗಿದ್ದವು. ಸ್ಟೀಲ್ ಡಬ್ಬಿ ಕೈಗೆ ಅಂಟಿಕೊಳ್ಳುವಷ್ಟು ತಣ್ಣಗಿತ್ತು. ಅದರೊಳಗೆ ಮೂರು ಬಾಟಲಿ, ಎರಡು ಹೊಸವು, ಒಂದು ಅವ್ವ ಬಳಸುತ್ತಿದ್ದದ್ದು. ಮೂರೂ ಗಟ್ಟಿಯಾಗಿದ್ದವು.

ಇಲ್ಲಿಯೇ ನಾನು ತಪ್ಪಿದ್ದು. ಯಂತ್ರ ಕೆಟ್ಟದ್ದಕ್ಕಿಂತ ದೊಡ್ಡ ತಪ್ಪು ಇದು. ಸೆನ್ಸರನ್ನು ಮತ್ತೆ ಅಂಟಿಸಿದೆ, ಹಾಲು ಕರಗಲು ಬಿಟ್ಟೆ, ಇನ್ಸುಲಿನ್ ಬಾಟಲಿಗಳನ್ನೂ ಮೇಜಿನ ಮೇಲಿಟ್ಟು ಕರಗಿಸಿದೆ. ಮಧ್ಯಾಹ್ನದ ಹೊತ್ತಿಗೆ ಅವು ಮೊದಲಿನಂತೆ ಬೆಳ್ಳಗೆ ಕಂಡವು. ಸರಿಹೋಯಿತು ಎಂದು ಸ್ಟೀಲ್ ಡಬ್ಬಿಗೆ ಹಾಕಿ ಒಳಗಿಟ್ಟೆ. ಅವ್ವನಿಗೂ ಹೇಳಲಿಲ್ಲ, ಯಾರನ್ನೂ ಕೇಳಲಿಲ್ಲ.

ಅವ್ವ ಬೆಳಿಗ್ಗೆ 22, ರಾತ್ರಿ 14 ಯೂನಿಟ್ ತಾನೇ ಚುಚ್ಚಿಕೊಳ್ಳುತ್ತಾಳೆ. ಹನ್ನೊಂದು ವರ್ಷದ ರೂಢಿ. ನಾಲ್ಕನೇ ದಿನದಿಂದ ನೀರಡಿಕೆ ಹೆಚ್ಚಾಯಿತು. ರಾತ್ರಿ ನಾಲ್ಕೈದು ಸಲ ಎದ್ದು ಹೋಗುತ್ತಿದ್ದಳು. ಬಿಸಿಲಿಗೆ ಹೀಗೆ ಎಂದುಕೊಂಡೆವು. ಮನೆಯಲ್ಲಿದ್ದ ಯಂತ್ರದಲ್ಲಿ ನೋಡಿದಾಗ ಸಕ್ಕರೆ 300 ದಾಟಿತ್ತು. "ಮಾವಿನಹಣ್ಣು ತಿಂದೆಯಾ ಅವ್ವಾ, ನಿಜ ಹೇಳು" ಎಂದು ನಾನು ಗದರಿಸಿದೆ. "ಇಲ್ಲಪ್ಪಾ, ಒಂದು ಹೋಳೂ ಮುಟ್ಟಿಲ್ಲ" ಎಂದಳು. ನಾನು ನಂಬಲಿಲ್ಲ. ಒಂಬತ್ತನೇ ದಿನ ವಾಂತಿ ಶುರುವಾಯಿತು, ಮಾತು ತೊದಲಿತು. ಆಟೊದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸಕ್ಕರೆ 486. ಮೂತ್ರದಲ್ಲಿ ಕೀಟೋನ್ ಇತ್ತು, ಇನ್ಸುಲಿನ್ ಸಾಲದೆ ದೇಹ ಕೊಬ್ಬು ಕರಗಿಸತೊಡಗಿದಾಗ ಬರುವಂಥದ್ದು. ಸಲೈನ್ ಏರಿಸಿದರು, ಗಂಟೆಗಂಟೆಗೂ ಬೆರಳು ಚುಚ್ಚಿ ನೋಡಿದರು.

ಮರುದಿನ ಡಾಕ್ಟರ್ ಕೇಳಿದರು, "ಇನ್ಸುಲಿನ್ ಎಲ್ಲಿ ಇಡುತ್ತೀರಿ?"

"ಫ್ರಿಜ್‌ನಲ್ಲಿ, ಮೇಡಂ."

"ಆ ಬಾಟಲಿ ತಂದು ತೋರಿಸಿ."

ತಂದೆ. ಅವರು ಬಾಟಲಿಯನ್ನು ಎರಡು ಅಂಗೈಗಳ ನಡುವೆ ನಿಧಾನವಾಗಿ ಹತ್ತು ಸಲ ಹೊರಳಿಸಿ, ಕಿಟಕಿಯ ಬೆಳಕಿಗೆ ಹಿಡಿದು ನನ್ನನ್ನು ಹತ್ತಿರ ಕರೆದರು. ಸರಿಯಾದ ಔಷಧವಾಗಿದ್ದರೆ ಹಾಲಿನಂತೆ ಒಂದೇ ಸಮನಾಗಿ ಬೆರೆತಿರಬೇಕು. ಇದರಲ್ಲಿ ರವೆಯಂಥ ಬಿಳಿ ಕಾಳುಗಳು ತೇಲುತ್ತಿದ್ದವು. ಗಾಜಿನ ಒಳಮೈಗೆ ಮಂಜು ಹಿಡಿದಂತೆ ಒಂದು ಪೊರೆ ಅಂಟಿತ್ತು. ಬಾಟಲಿ ಓರೆ ಮಾಡಿದರೂ ಅದು ಜಾರಲಿಲ್ಲ. ಒಂಬತ್ತು ದಿನ ದಿನಕ್ಕೆರಡು ಸಲ ಅವ್ವನ ಕೈಗೆ ಆ ಬಾಟಲಿ ಕೊಟ್ಟವನು ನಾನು. ಒಮ್ಮೆಯೂ ಬೆಳಕಿಗೆ ಹಿಡಿದು ನೋಡಿರಲಿಲ್ಲ.

ಅವರು ತಿಳಿಸಿ ಹೇಳಿದ್ದಿಷ್ಟು. ಬೆಳ್ಳಗಿರುವ ಇನ್ಸುಲಿನ್‌ನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ದ್ರವದಲ್ಲಿ ತೇಲುತ್ತಿರುತ್ತವೆ. ಹೆಪ್ಪುಗಟ್ಟಿದಾಗ ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಕರಗಿದ ಮೇಲೂ ಬಿಡುವುದಿಲ್ಲ. ಆಮೇಲೆ ಸಿರಿಂಜಿಗೆ ಎಳೆದ 22 ಯೂನಿಟ್‌ನಲ್ಲಿ ನಿಜವಾಗಿ ಎಷ್ಟು ಔಷಧ ಬಂತು ಎಂದು ಯಾರೂ ಹೇಳಲಾರರು. ಇನ್ನು ನೀರಿನಂತೆ ತಿಳಿಯಾಗಿರುವ ಇನ್ಸುಲಿನ್ ಹೆಪ್ಪುಗಟ್ಟಿ ಕರಗಿದರೆ ತಿಳಿಯಾಗಿಯೇ ಕಾಣಬಹುದು. ಕಣ್ಣಿನಿಂದ ಪತ್ತೆ ಹಚ್ಚಲು ಆಗುವುದೇ ಇಲ್ಲ. 2ರಿಂದ 8 ಡಿಗ್ರಿಯಲ್ಲಿ ಇಡಿ, ಹೆಪ್ಪುಗಟ್ಟಲು ಬಿಡಬೇಡಿ ಎಂದು ಇನ್ಸುಲಿನ್ ಬರುವ ಪೊಟ್ಟಣದ ಮೇಲೆಯೇ ಅಚ್ಚಾಗಿರುತ್ತದೆ. ಸಣ್ಣ ಅಕ್ಷರದ ಆ ಸಾಲನ್ನು ನಾನು ಓದಿದ್ದು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು.

ಆ ನಾಲ್ಕು ದಿನ ನಾನು ಯೋಚಿಸಿದ್ದು ಒಂದೇ ವಿಷಯ. ಸಾಮಾನ್ಯ ಫ್ರಿಜ್ ಕೆಟ್ಟರೆ ಹೆಚ್ಚಾಗಿ ಒಳಗೆ ಬಿಸಿಯಾಗುತ್ತದೆ. ಹಾಲು ಹುಳಿಯುತ್ತದೆ, ಸೊಪ್ಪು ಬಾಡುತ್ತದೆ, ವಾಸನೆ ಬರುತ್ತದೆ, ಮನೆಯವರಿಗೆಲ್ಲ ಗೊತ್ತಾಗುತ್ತದೆ. ಹೀಗೆ ಬದಲಾಯಿಸಿದ ಡೀಪ್ ಫ್ರೀಜರಿನಲ್ಲಿ ಥರ್ಮೋಸ್ಟಾಟ್ ಕೈಕೊಟ್ಟರೆ ಆಗುವುದು ತಿರುಗುಮುರುಗು. ತಡೆಯುವವರಿಲ್ಲದೆ ಅದು ತಾನು ಹುಟ್ಟಿದ್ದೇ ಯಾವುದಕ್ಕೋ ಆ ಸೊನ್ನೆಗಿಂತ 18 ಡಿಗ್ರಿ ಕೆಳಕ್ಕೆ ಓಡುತ್ತದೆ. ಬೆಳಿಗ್ಗೆ ಯಾರೋ ಸರಿಮಾಡಿದರೆ ಸಂಜೆಯೊಳಗೆ ಎಲ್ಲ ಕರಗಿ, ಏನೂ ಆಗಿಲ್ಲವೆಂಬಂತೆ ಕಾಣುತ್ತದೆ. ವಾಸನೆಯೂ ಇಲ್ಲ, ಗುರುತೂ ಇಲ್ಲ.

ಸೆನ್ಸರ್ ಜಾರುವುದೊಂದೇ ದಾರಿಯೂ ಅಲ್ಲ. ಆಮೇಲೆ ಆ ಡಬ್ಬಿಯನ್ನು ಇನ್ನೊಬ್ಬ ಫ್ರಿಜ್ ಮೆಕ್ಯಾನಿಕ್‌ಗೆ ತೋರಿಸಿದೆ. ಅವರು ಬಿಚ್ಚಿದಾಗ ಒಳಗಿನ ರಿಲೇಯ, ಅಂದರೆ ಕರೆಂಟ್ ಕಡಿದು ಕೊಡುವ ಸ್ವಿಚ್ಚಿನ, ಬಾಯಿ ಕಪ್ಪಾಗಿ ಸುಟ್ಟಿತ್ತು. ಡಬ್ಬಿಯ ಮೇಲೆ 10 ಆಂಪಿಯರ್ ಎಂದು ಬರೆದಿರುತ್ತದೆ, ಕಂಪ್ರೆಸರ್ ಓಡುವಾಗ ಎಳೆಯುವುದು ಅದಕ್ಕಿಂತ ಬಹಳ ಕಡಿಮೆ. ಆದರೆ ಶುರುವಾಗುವ ಆ ಒಂದು ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ, ಪ್ರತಿ ಸಲವೂ ಕಿಡಿ ಹಾರುತ್ತದೆ. "ಇನ್ನೊಂದಷ್ಟು ದಿನ ಬಿಟ್ಟಿದ್ದರೆ ಇದು ಅಂಟಿಕೊಂಡೇ ಬಿಡುತ್ತಿತ್ತು ಅಣ್ಣಾ" ಎಂದರು ಅವರು. ರಿಲೇ ಅಂಟಿಕೊಂಡರೆ ಡಬ್ಬಿ ಕರೆಂಟ್ ಕಡಿಯಲು ನೋಡಿದರೂ ಕಡಿಯುವುದಿಲ್ಲ. ಸೆನ್ಸರ್ ತನ್ನ ಜಾಗದಲ್ಲೇ ಇದ್ದು, ಅಂಕಿ ಸರಿಯಾಗಿಯೇ ತೋರಿಸುತ್ತಿದ್ದರೂ ಒಳಗೆ ಎಲ್ಲವೂ ಕಲ್ಲಾಗುತ್ತದೆ. ನಡುವೆ ಕಾಂಟ್ಯಾಕ್ಟರ್ ಎಂಬ, ಹೆಚ್ಚಿನ ಕರೆಂಟ್ ತಡೆದುಕೊಳ್ಳುವ ಒಂದು ಸ್ವಿಚ್ ಹಾಕಿ ಅದರ ಮೂಲಕ ಕಂಪ್ರೆಸರಿಗೆ ಕರೆಂಟ್ ಕೊಡಬೇಕಿತ್ತಂತೆ.

ಅವರು ಇನ್ನೊಂದನ್ನೂ ತೋರಿಸಿದರು. ಡಬ್ಬಿಯ ಹಿಂಬದಿಯಲ್ಲಿ ವೈರ್ ಸಿಗಿಸುವ ಸ್ಕ್ರೂಗಳು ಬರಿಮೈಯಲ್ಲಿದ್ದವು. ಅದನ್ನು ನೇತುಹಾಕಿದ್ದು ನೀರು ಒಸರುವ ಮುಚ್ಚಳದ ಪಕ್ಕದಲ್ಲೇ. ನನ್ನ ಏಳು ವರ್ಷದ ಮಗಳು ಒದ್ದೆ ಕೈಯಲ್ಲಿ ಅಲ್ಲಿಂದ ಮಜ್ಜಿಗೆ ತೆಗೆಯುತ್ತಿದ್ದಳು. ನಮ್ಮ ಅರ್ಥಿಂಗ್ ಗುಂಡಿಗೆ ಎಷ್ಟು ಬೇಸಿಗೆಗಳಿಂದ ನೀರು ಹಾಕಿಲ್ಲ ಎಂದು ಅವರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಒಣಗಿದ ಮಣ್ಣು ಸೋರಿದ ಕರೆಂಟನ್ನು ಸರಿಯಾಗಿ ಒಳಗೆಳೆದುಕೊಳ್ಳುವುದಿಲ್ಲ. ಅಂದೇ ನೀರು ಹಾಕಿದೆ, ಅದೇ ವಾರ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ಕಡಿಯುವ ಸ್ವಿಚ್, ಕೂರಿಸಿದೆ. ಇದನ್ನು ಯಾರೂ ಮುಂದಕ್ಕೆ ಹಾಕಬೇಡಿ.

ಆರೋಗ್ಯ ಕೇಂದ್ರದ ಸಿಸ್ಟರ್ ಒಬ್ಬರು ನಮ್ಮ ಓಣಿಯಲ್ಲೇ ಇದ್ದಾರೆ. ಅವ್ವನನ್ನು ನೋಡಲು ಬಂದಾಗ, ಲಸಿಕೆ ಇಡುವ ಐಎಲ್‌ಆರ್ ಎಂಬ ಪೆಟ್ಟಿಗೆಯ ವಿಷಯ ಹೇಳಿದರು. ಅದಕ್ಕೂ ಮುಚ್ಚಳ ಮೇಲೆಯೇ ಇರುತ್ತದೆ. ನೋಡಿದರೆ ಡೀಪ್ ಫ್ರೀಜರೇ ಅನಿಸುತ್ತದೆ, ಆದರೆ ಅದು 2ರಿಂದ 8 ಡಿಗ್ರಿಯಲ್ಲಿ ನಿಲ್ಲಲೆಂದೇ ಕಟ್ಟಿದ ಯಂತ್ರ. ಅಷ್ಟಾದರೂ ಅವರು ಅದನ್ನು ನಂಬಿ ಬಿಡುವುದಿಲ್ಲ. ಹೆಪ್ಪುಗಟ್ಟಿದರೆ ಹಾಳಾಗುವ ಹೆಪಟೈಟಿಸ್ ಬಿ, ಐದು ರೋಗಗಳಿಗೆ ಒಂದೇ ಚುಚ್ಚುಮದ್ದಾದ ಪೆಂಟಾವೇಲೆಂಟ್‌ನಂಥ ಲಸಿಕೆಗಳನ್ನು ತಳದಲ್ಲಿ ಇಡದೆ ಬುಟ್ಟಿಯಲ್ಲೇ ಇಡುತ್ತಾರೆ. ಒಳಗೆ ಬೇರೆಯೇ ಒಂದು ಥರ್ಮಾಮೀಟರ್. ದಿನಕ್ಕೆ ಎರಡು ಸಲ ನೋಡಿ ಪುಸ್ತಕದಲ್ಲಿ ಬರೆಯುತ್ತಾರೆ, ರಜೆಯ ದಿನವೂ. ಲಸಿಕೆ ಹೆಪ್ಪುಗಟ್ಟಿತ್ತೇ ಎಂಬ ಅನುಮಾನ ಬಂದರೆ, ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸಿದ ಅದೇ ಬಗೆಯ ಒಂದು ಬಾಟಲಿಯನ್ನು ಪಕ್ಕದಲ್ಲಿಟ್ಟು, ಎರಡನ್ನೂ ಅಲುಗಾಡಿಸಿ, ಯಾವುದರ ಗಷ್ಟು ಬೇಗ ಕೆಳಗೆ ಕೂರುತ್ತದೆ ಎಂದು ನೋಡುತ್ತಾರಂತೆ. ನಾನು ಒಂದು ಸೆಲ್ಲೋ ಟೇಪನ್ನು ನಂಬಿದ್ದೆ.

ಹಾಲು, ತರಕಾರಿ, ತಂಪು ಪಾನೀಯಕ್ಕಾಗಿ ಈ ಕೆಲಸ ಮಾಡಲೇಬೇಕೆಂದಿದ್ದರೆ ಇಷ್ಟನ್ನಾದರೂ ಮಾಡಿ. ಸೆನ್ಸರನ್ನು ನೀರು ತುಂಬಿದ ಚಿಕ್ಕ ಬಾಟಲಿಯಲ್ಲಿ ಇಳಿಸಿ, ಆ ಬಾಟಲಿಯನ್ನು ಜಾಳಿಗೆಗೆ ತಂತಿಯಿಂದ ಕಟ್ಟಿ; ಗಾಳಿಯಲ್ಲಿ ತೂಗಬಿಟ್ಟರೆ ಮುಚ್ಚಳ ತೆರೆದಾಗಲೆಲ್ಲ ಕಂಪ್ರೆಸರ್ ಹತ್ತಿ ಆರುತ್ತದೆ. ಒಮ್ಮೆ ನಿಂತ ಕಂಪ್ರೆಸರ್ ಮತ್ತೆ ಹತ್ತುವ ಮೊದಲು ನಾಲ್ಕೈದು ನಿಮಿಷ ಬಿಡುವು ಬೇಕು, ಒಳಗಿನ ಗ್ಯಾಸಿನ ಒತ್ತಡ ಸಮವಾಗಲು. ಇಂಥ ಹಲವು ಡಬ್ಬಿಗಳಲ್ಲಿ ಆ ವಿಳಂಬವನ್ನು ಹೊಂದಿಸಬಹುದು. ವೈರ್ ಬಿಡಲೆಂದು ಗೋಡೆಗೆ ಡ್ರಿಲ್ ಮಾತ್ರ ಹಾಕಬೇಡಿ. ಗೋಡೆಯೊಳಗೆ ಕೊಳವೆಗಳಿವೆ, ಈಗಿನ ಹಲವು ಯಂತ್ರಗಳಲ್ಲಿ ತಂಪು ಮಾಡಲು ಇರುವ ಆರ್600ಎ ಎಂಬ ಗ್ಯಾಸಿಗೆ ಬೆಂಕಿ ಹತ್ತುತ್ತದೆ. ಫ್ರಿಜ್ ಆಗಿಯೂ ಫ್ರೀಜರ್ ಆಗಿಯೂ ಓಡುವ ಪೆಟ್ಟಿಗೆಗಳನ್ನು ಕಂಪನಿಗಳೇ ಮಾಡಿ ಮಾರುತ್ತವೆ. ಹಣ ಹೊಂದಿಸಲು ಆಗುವುದಾದರೆ ಅದನ್ನೇ ಕೊಳ್ಳಿ.

ಔಷಧವನ್ನು ಮಾತ್ರ ಇಂಥ ಪೆಟ್ಟಿಗೆಯಲ್ಲಿ ಇಡಬೇಡಿ. ಒಂದು ದಿನಕ್ಕೂ ಬೇಡ. ಈಗಾಗಲೇ ಇಟ್ಟಿದ್ದರೆ ಇದನ್ನು ಓದಿದ ಕೂಡಲೇ ಎದ್ದು ಹೋಗಿ ಹೊರಗೆ ತೆಗೆಯಿರಿ. ಅಂಗೈಯಲ್ಲಿ ಹೊರಳಿಸಿ ಬೆಳಕಿಗೆ ಹಿಡಿದು ನೋಡಿ. ಒಮ್ಮೆಯಾದರೂ ಹೆಪ್ಪುಗಟ್ಟಿತ್ತು ಎಂಬ ಅನುಮಾನವಿದ್ದರೆ, ಎಷ್ಟೇ ಚೆನ್ನಾಗಿ ಕಂಡರೂ ಬಳಸಬೇಡಿ, ಡಾಕ್ಟರಿಗೆ ಹೇಳಿ ಹೊಸದು ತನ್ನಿ. ದುಡ್ಡು ಹೋಗುತ್ತದೆಂದು ಹಿಂಜರಿಯಬೇಡಿ. ನಾನು ಉಳಿಸಿಕೊಂಡ ಆ ಮೂರು ಬಾಟಲಿಯ ಬೆಲೆ ಆಸ್ಪತ್ರೆಯ ಮೊದಲ ದಿನದ ಖರ್ಚಿಗೂ ಸಾಟಿಯಾಗಲಿಲ್ಲ.

ಈಗ ಹೊಸ ಬಾಟಲಿಗಳು ಮತ್ತೆ ಪಕ್ಕದ ಮನೆಯ ಫ್ರಿಜ್‌ನಲ್ಲಿವೆ. ಬಳಸುತ್ತಿರುವ ಬಾಟಲಿಗೆ ಡಾಕ್ಟರನ್ನು ಕೇಳಿಯೇ ಬೇರೆ ವ್ಯವಸ್ಥೆ ಮಾಡಿದ್ದೇನೆ. ದೊಡ್ಡ ಗಡಿಗೆಯೊಳಗೆ ಚಿಕ್ಕ ಗಡಿಗೆ ಇಟ್ಟು, ನಡುವೆ ಮರಳು ತುಂಬಿ, ಮರಳಿಗೆ ದಿನಕ್ಕೆರಡು ಸಲ ನೀರು ಹಾಕುತ್ತೇವೆ. ನಮ್ಮ ಒಣ ಹವೆಗೆ ಅದು ಚೆನ್ನಾಗಿ ತಂಪು ಹಿಡಿಯುತ್ತದೆ, ಎಂದೂ ಹೆಪ್ಪುಗಟ್ಟಿಸುವುದಿಲ್ಲ. ಒಳಗೊಂದು ಥರ್ಮಾಮೀಟರ್ ಇದೆ, ಅಂಕಿ 30ರ ಮೇಲೆ ಹೋದರೆ ಬಾಟಲಿಯನ್ನು ಪಕ್ಕದ ಮನೆಗೆ ಕೊಟ್ಟು ಬರುತ್ತೇನೆ. ತೆರೆದ ಬಾಟಲಿಯನ್ನು ನಾಲ್ಕು ವಾರಕ್ಕಿಂತ ಹೆಚ್ಚು ಇಡುವುದಿಲ್ಲ. ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆಯುವುದು ಈಗ ಮಗಳ ಕೆಲಸ. ಡೀಪ್ ಫ್ರೀಜರಿನ ಡಬ್ಬಿ ಬಿಚ್ಚಿಸಿದ್ದೇನೆ. ಅದರಲ್ಲಿ ಐಸ್‌ಕ್ರೀಮ್ ಇದೆ.