ರಾಯಚೂರಿನ ಬಿಸಿಲಿಗೆ ಯಾವ ಗಿಟಾರ್: ಅಗ್ಗದ್ದೋ, ದುಬಾರಿಯದ್ದೋ?

ಅಕೌಸ್ಟಿಕ್ ಗಿಟಾರ್ ಕೊಳ್ಳುವವರು ಮೊದಲು ವಿಚಾರಿಸಬೇಕಾದದ್ದು ಮೇಲ್ಹಲಗೆಯ ಮರವನ್ನು, ಏಕೆಂದರೆ ನಾದದ ಬಹುಪಾಲು ಹುಟ್ಟುವುದು ಅಲ್ಲಿಯೇ. ಯಮಹಾ ಎಫ್310ರಂತಹ ಕಡಿಮೆ ಬೆಲೆಯ ವಾದ್ಯದಲ್ಲಿ ತೆಳು ಪದರಗಳನ್ನು ಅಂಟಿಸಿದ ಹಲಗೆ ಇರುತ್ತದೆ. ಅದೇ ಕಂಪನಿಯ ಎಫ್‌ಜಿ800ರಲ್ಲಿ ಸ್ಪ್ರೂಸ್ ಮರದ ಅಖಂಡ ಹಲಗೆ ಇದ್ದು, ಮೆಲ್ಲಗೆ ಮೀಟಿದರೂ ನಾದ ತುಂಬಿ ಬರುತ್ತದೆ. ಇನ್ನೂ ದುಬಾರಿಯವುಗಳಲ್ಲಿ ಬೆನ್ನು, ಪಕ್ಕಗಳೂ ಅಖಂಡ ಮರದವೇ.

ಆದರೆ ರಾಯಚೂರು, ಬಳ್ಳಾರಿಗಳಲ್ಲಿ ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟಿ, ಗಾಳಿಯ ತೇವ ತೀರ ಇಳಿಯುವ ಈ ಸೀಮೆಯಲ್ಲಿ ಅಖಂಡ ಹಲಗೆ ಒಣಗಿ ಕುಗ್ಗಿ, ನಾರಿನ ಗುಂಟ ಸೀಳು ಬಿಡಬಹುದು. ಅದಕ್ಕೆ ಬೇಕಾದ ಆರ್ದ್ರತೆ ಸುಮಾರು 45ರಿಂದ 55 ಪ್ರತಿಶತ. ಗಟ್ಟಿ ಪೆಟ್ಟಿಗೆಯೊಳಗೆ, ರಂಧ್ರ ಕೊರೆದ ಸಾಬೂನು ಡಬ್ಬಿಯಲ್ಲಿ ಚೆನ್ನಾಗಿ ಹಿಂಡಿದ ಒದ್ದೆ ಸ್ಪಂಜನ್ನಿಟ್ಟು, ಅದು ಒಣಗಿದಾಗಲೆಲ್ಲ ಮತ್ತೆ ನೆನೆಸುವ ತಾಳ್ಮೆ ಇಲ್ಲದವರಿಗೆ ದುಬಾರಿ ವಾದ್ಯವನ್ನು ನಾನು ಹೇಳಲಾರೆ. (ಕೂಲರ್ ಎದುರಿಗೆ ಇಡುವುದಂತೂ ಬೇಡ, ಅದು ಇನ್ನೊಂದು ಅತಿ.) ಪದರ ಹಲಗೆ ಇಷ್ಟು ಉಪಚಾರ ಕೇಳುವುದಿಲ್ಲ.

ಅಗ್ಗದ್ದರ ನಿಜವಾದ ತೊಂದರೆ ತಂತಿಯ ಎತ್ತರದ್ದು. ಕತ್ತಿನ ಮೇಲಿನ ಅಡ್ಡ ಲೋಹಪಟ್ಟಿಗಳಾದ ಫ್ರೆಟ್‌ಗಳಲ್ಲಿ 12ನೆಯದಕ್ಕೂ ದಪ್ಪ ತಂತಿಗೂ ನಡುವಿನ ಸಂದು 3 ಮಿ.ಮೀ. ಮೀರಿದರೆ ಹೊಸಬರ ಬೆರಳುಗಳು ಬೇಗ ಸೋಲುತ್ತವೆ. ಆದರೂ ತಂತಿಗಳನ್ನು ಹೊತ್ತ ಸ್ಯಾಡಲ್‌ನ ತಳವನ್ನು ಉಜ್ಜಿ ತಗ್ಗಿಸಿದರೆ ಬಹಳಷ್ಟು ಸಲ ಸಣ್ಣ ಖರ್ಚಿನಲ್ಲೇ ಸರಿಹೋಗುತ್ತದೆ. ಆದ್ದರಿಂದ ಕಲಿಕೆಯ ಮೊದಲ ವರ್ಷಕ್ಕೆ ನನ್ನ ಮತ ಅಗ್ಗದ್ದಕ್ಕೇ. ಆದರೆ ಅಂಗಡಿಯಲ್ಲೇ ಕತ್ತು ಬಾಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿ, ಶ್ರುತಿ ಮಾಡುವ ಕೀಲಿಗಳನ್ನು ಒಂದೊಂದಾಗಿ ತಿರುಗಿಸಿಯೇ ಹಣ ಕೊಡಬೇಕು.