ಮುಂಬಾಗಿಲಿನ ಸಂದಿಗೆ ಫೋಮ್ ತುಂಬುವ ಮುನ್ನ

ಕಳೆದ ವರ್ಷ ಜೂನ್ ಕೊನೆಯಲ್ಲಿ ನನ್ನ ಅಮ್ಮ ನಮ್ಮದೇ ಮನೆಯೊಳಗೆ ಸಿಕ್ಕಿಕೊಂಡರು. ಹೊರಗೆ ನಾನು, ಕೈಯಲ್ಲಿ ತರಕಾರಿ ಚೀಲ, ತಲೆಯ ಮೇಲೆ ಮಡಿಕೇರಿಯ ಮಳೆ. ಬೀಗ ತೆಗೆದಾಗಿತ್ತು, ಚಿಲಕ ಸರಿದಾಗಿತ್ತು, ಬಾಗಿಲು ಮಾತ್ರ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಒಳಗಿನಿಂದ ಅಮ್ಮ ಎಳೆದರು, ಹೊರಗಿನಿಂದ ನಾನು ಭುಜ ಕೊಟ್ಟು ತಳ್ಳಿದೆ. ಕೊನೆಗೆ ಮಂಡಿನೋವಿನ ಆ ಜೀವ ಗೋಡೆ ಹಿಡಿದುಕೊಂಡು ಹೋಗಿ ಹಿತ್ತಲ ಬಾಗಿಲಿನ ಅಗುಳಿ ತೆಗೆಯುವಷ್ಟರಲ್ಲಿ ಕಾಲು ಗಂಟೆ ಕಳೆದಿತ್ತು. ಹಿತ್ತಲ ಬಾಗಿಲೇ ಇಲ್ಲದ ಫ್ಲ್ಯಾಟ್ ಆಗಿದ್ದರೆ? ಒಲೆಯ ಮೇಲೆ ಏನಾದರೂ ಹೊತ್ತಿಕೊಂಡಿದ್ದರೆ? ಇಷ್ಟಕ್ಕೂ ಕಾರಣ ಜನವರಿಯಲ್ಲಿ ನಾನೇ ಮಾಡಿದ ಒಂದು ಘನಕಾರ್ಯ.

ನಮ್ಮದು ಹಳೆಯ ಮನೆ, ಹಲಸಿನ ಮರದ ದ್ವಾರಬಂಧ. ಗಾರೆ ಉದುರಿ, ಗೋಡೆಗೂ ದ್ವಾರಬಂಧಕ್ಕೂ ನಡುವೆ ಕಿರುಬೆರಳು ತೂರುವಷ್ಟು ಸಂದು ಬಿಟ್ಟಿತ್ತು. ಸಾವಿರ ಮೀಟರಿಗೂ ಎತ್ತರದ ಈ ಊರಿನಲ್ಲಿ ಜನವರಿಯ ರಾತ್ರಿ ಅಲ್ಲಿಂದ ನುಗ್ಗುವ ಗಾಳಿ ನೇರ ಅಮ್ಮನ ಮಂಡಿಗೇ ತಗಲುತ್ತಿತ್ತು. ಗಾಳಿ ಎಲ್ಲೆಲ್ಲಿ ಬರುತ್ತದೆ ಎಂದು ತಿಳಿಯಲು ಊದಿನಕಡ್ಡಿ ಹಚ್ಚಿ ಬಾಗಿಲ ಸುತ್ತ ನಿಧಾನವಾಗಿ ಹಿಡಿದುಕೊಂಡು ಹೋದೆ. ಹೊಗೆ ಥಟ್ಟನೆ ಒಳಕ್ಕೆ ಬಾಗಿದ ಕಡೆಯೆಲ್ಲ ಸೀಮೆಸುಣ್ಣದ ಗುರುತು. ಇಲ್ಲಿಯವರೆಗೆ ಎಲ್ಲ ಸರಿ.

ಆಮೇಲೆ ಅದೇ ಊದಿನಕಡ್ಡಿಯನ್ನು ಕಿಟಕಿಯಲ್ಲಿ ಸಿಕ್ಕಿಸಿ, ಸಂದಿಗೆ ಸಿಂಪಡಿಸಿದರೆ ನೊರೆಯಂತೆ ಉಬ್ಬಿ ಗಟ್ಟಿಯಾಗುವ ಪಾಲಿಯುರೆಥೇನ್ ಫೋಮಿನ 750 ಮಿಲಿಯ ಡಬ್ಬಿಯನ್ನು ಅಲ್ಲಾಡಿಸತೊಡಗಿದೆ. ಫೋಮನ್ನು ಹೊರಕ್ಕೆ ತಳ್ಳುವ ಅನಿಲ ಬೆಂಕಿ ಹಿಡಿಯುವಂಥದ್ದು. ಡಬ್ಬಿಯ ಮೇಲೆ ಜ್ವಾಲೆಯ ಚಿತ್ರ ಇಷ್ಟು ದೊಡ್ಡದಾಗಿ ಇತ್ತು, ನಾನು ನೋಡಿದ್ದು ಬೆಲೆಯನ್ನು. ಮನೆಯಲ್ಲಿ ದೇವರ ದೀಪ ಉರಿಯುತ್ತಿದ್ದರೆ ಅದು ಶಾಂತವಾಗುವವರೆಗೆ ಕಾಯಿರಿ, ಕಿಟಕಿ ತೆರೆದಿಡಿ, ಕೈಗವಸು ಹಾಕಿಕೊಳ್ಳಿ. ಹೆಬ್ಬೆರಳಿಗೆ ಅಂಟಿದ್ದು ಸೋಪಿಗೂ ಹೋಗದೆ, ಸೀಮೆಎಣ್ಣೆಗೂ ಹೋಗದೆ ಚರ್ಮದ ಜೊತೆಗೇ ಸವೆದು ಹೋಯಿತು.

ಸಂದಿನ ಅರ್ಧದಷ್ಟೇ ತುಂಬಿ ಎಂದು ಸಣ್ಣಕ್ಷರದಲ್ಲಿ ಬರೆದಿತ್ತು. ನಾನು ಕಂಠಮಟ್ಟ ತುಂಬಿಸಿದೆ. ಫೋಮ್ ಗಾಳಿಯ ತೇವವನ್ನೇ ಹೀರಿಕೊಂಡು ಗಟ್ಟಿಯಾಗುತ್ತದೆ, ಗಟ್ಟಿಯಾಗುತ್ತಲೇ ಉಬ್ಬುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಪಾತ್ರೆ ಮೀರಿ ಉಕ್ಕಿದ ಇಡ್ಲಿ ಹಿಟ್ಟಿನ ಹಾಗೆ ಹಳದಿ ಗಂಟುಗಳು. ಹೊರಗೆ ಬಂದದ್ದು ಕಣ್ಣಿಗೆ ಕಂಡಿತು, ಚಾಕುವಿನಿಂದ ಕೊಯ್ದು ಬಿಸಾಡಿದೆ. ಒಳಗೆ ಮಾಡಿದ ಕೆಲಸ ಕಾಣಲಿಲ್ಲ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಮರ. ಗೋಡೆ ಸರಿಯುವುದಿಲ್ಲವಲ್ಲ, ಹಾಗಾಗಿ ದ್ವಾರಬಂಧದ ನಡುಭಾಗ ಬಾಗಿಲಿನ ಕಡೆಗೆ ಹೊಟ್ಟೆ ಬಿಟ್ಟಿತು. ಅಂದಿನಿಂದ ಬಾಗಿಲು ಸ್ವಲ್ಪ ಉಜ್ಜುತ್ತಿತ್ತು. ‘ಹೇಗೆ ಬಿಗಿಯಾಗಿದೆ ನೋಡು’ ಎಂದು ನಾನು ಬೀಗಿದ್ದೂ ಉಂಟು.

ಜೂನ್ ಬಂತು. ಮರ ತೇವ ಹೀರಿದಾಗ ಉದ್ದಕ್ಕೆ ಬೆಳೆಯುವುದು ಇಲ್ಲವೆನ್ನುವಷ್ಟು ಕಡಿಮೆ, ಹಿಗ್ಗುವುದೆಲ್ಲ ಅಡ್ಡಕ್ಕೆ. ಹಲಗೆ ಜೋಡಿಸಿದ ನಮ್ಮ ಹಳೆಯ ಕದ ಪ್ರತಿ ಮಳೆಗಾಲವೂ ಹಿಗ್ಗುತ್ತಿತ್ತು, ಸುತ್ತಲಿನ ಸಂದು ಅದನ್ನು ಸುಮ್ಮನೆ ನುಂಗಿಕೊಳ್ಳುತ್ತಿತ್ತು. ಈ ಸಲ ನುಂಗಲು ಜಾಗವೇ ಇರಲಿಲ್ಲ.

ಮರುದಿನ ಬಂದ ಆಚಾರಿ ಮಾತನಾಡದೆ ದ್ವಾರಬಂಧದ ಮೇಲಿನಿಂದ ಕೆಳಕ್ಕೆ ಒಂದು ದಾರ ಹಿಡಿದರು. ತುದಿಗಳಲ್ಲಿ ಎರಡೆರಡು ನಾಣ್ಯ ಇಟ್ಟು ಎಳೆದ ದಾರ ನಡುವೆ ಮರಕ್ಕೆ ತಾಗಿ ನಿಂತಿತು. ಅಂದರೆ ಎರಡು ನಾಣ್ಯದಷ್ಟು ಉಬ್ಬು. ಹ್ಯಾಕ್ಸಾ ಬ್ಲೇಡನ್ನು ಸಂದಿಗೆ ತೂರಿಸಿ ಫೋಮ್ ಕೊಯ್ದಾಗ ಮರ ಅರ್ಧದಷ್ಟು ಹಿಂದಕ್ಕೆ ಹೋಯಿತು, ಉಳಿದರ್ಧ ಹೋಗಲಿಲ್ಲ. ಗೋಡೆಯೊಳಗೆ ಹಿಡಿದಿಡಬೇಕಾದ ನಡುವಿನ ಕಬ್ಬಿಣದ ಪಟ್ಟಿ ತುಕ್ಕು ಹಿಡಿದು ಎಂದೋ ತುಂಡಾಗಿತ್ತು. ಕದವನ್ನು ಚೆನ್ನಾಗಿ ಉಜ್ಜಿಬಿಡಿ ಎಂದು ನಾನು ಅವಸರ ಮಾಡಿದೆ. ಅವರು ಎರಡೇ ಎರಡು ಸಲ ಉಜ್ಜುಗೊರಡು ಆಡಿಸಿ ನಿಲ್ಲಿಸಿದರು. ಮಳೆಗಾಲದಲ್ಲಿ ಮನಸೋ ಇಚ್ಛೆ ಕೆತ್ತಿಸಿಕೊಂಡರೆ ಬೇಸಿಗೆಯಲ್ಲಿ ಮರ ಕುಗ್ಗಿ ಮತ್ತೆ ಅದೇ ಗಾಳಿಯಂತೆ.

ಫೋಮ್ ಬೇಕೇ ಬೇಕೆಂದರೆ ಬಾಗಿಲು, ಕಿಟಕಿಗೆಂದೇ ಮಾಡಿದ, ಕಡಿಮೆ ಉಬ್ಬುವ ಬಗೆ ಸಿಗುತ್ತದೆ. ಅದನ್ನೂ ಅರ್ಧವೇ ತುಂಬಿ, ಗಟ್ಟಿಯಾಗುವವರೆಗೆ ದ್ವಾರಬಂಧದ ಎರಡು ಕಂಬಗಳ ನಡುವೆ ಮರದ ರಿಪೀಸುಗಳನ್ನು ಅಡ್ಡಡ್ಡ ಬಿಗಿಯಾಗಿ ಕೊಡಿ. ಕದಕ್ಕೂ ದ್ವಾರಬಂಧಕ್ಕೂ ನಡುವಿನ ಸಂದಿಗೆ ಮಾತ್ರ ಫೋಮ್ ಸೋಕಿಸಲೇಬೇಡಿ, ಅಲ್ಲಿಗೆ ರಬ್ಬರ್ ಪಟ್ಟಿ ಸಾಕು. ಪಟ್ಟಿ ಅಂಟಿಸಿದ ಮೇಲೆ ದಿನಪತ್ರಿಕೆಯ ಒಂದು ಚೂರನ್ನು ಇಟ್ಟು ಬಾಗಿಲು ಹಾಕಿ ಎಳೆಯಿರಿ. ತುಸು ತಡೆದು ಬಂದರೆ ಸರಿ, ಹರಿದು ಬಂದರೆ ಪಟ್ಟಿ ದಪ್ಪವಾಯಿತು.

ಇನ್ನೊಂದು ವಿಷಯದಲ್ಲಿ ನಾವು ಬಚಾವಾದೆವು. ಸಂದು ಮುಚ್ಚಿದ ಖುಷಿಗೆ, ಇನ್ನು ಅಗ್ಗಿಷ್ಟಿಕೆಯಲ್ಲಿ ಇದ್ದಿಲ ಕೆಂಡ ಇಟ್ಟುಕೊಂಡು ಮಲಗಿದರೆ ಬೆಚ್ಚಗಿರುತ್ತದೆ ಎಂದು ಅಮ್ಮ ಹೇಳಿದ್ದರು. ಪಕ್ಕದ ಮನೆಯವರು ಗದರಿ ತಡೆದರು. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಾಡದ ಕೋಣೆಯಲ್ಲಿ ಮಲಗಿದವರು ಏಳದೇ ಹೋಗಬಹುದು. ಇನ್ನು ಸಿಲಿಂಡರಿನಿಂದ ಸೋರಿದ ಅಡುಗೆ ಅನಿಲ ಗಾಳಿಗಿಂತ ಭಾರ, ನೆಲ ಹಿಡಿದೇ ನಿಲ್ಲುತ್ತದೆ. ಅದು ಹೊರಹೋಗಲು ಅಡುಗೆಮನೆಯ ಬಾಗಿಲಿನ ತಳದ ಸಂದನ್ನು ಹೀಗೆ ಮುಚ್ಚಬೇಡಿ.

ಈಗ ನಮ್ಮ ಮುಂಬಾಗಿಲಿನ ತಳಕ್ಕೆ ಹಳೆಯ ಹತ್ತಿ ಸೀರೆಯಲ್ಲಿ ಹೊಲಿದ, ಭತ್ತದ ಹೊಟ್ಟು ತುಂಬಿದ ಉದ್ದನೆಯ ದಿಂಬು ಇದೆ. ರಾತ್ರಿ ಇಡುವುದು, ಬೆಳಿಗ್ಗೆ ಕಾಲಿನಿಂದ ಸರಿಸುವುದು. ಹೊಸ್ತಿಲ ಮೇಲೆ ಸೋರಿದ್ದ ಒಂದು ಗಂಟು ಫೋಮ್ ಮಾತ್ರ ಏನು ಕೆರೆದರೂ ಪೂರ್ತಿ ಹೋಗಿಲ್ಲ. ಅಮ್ಮ ಈಗ ಹೊಸ್ತಿಲಿಗೆ ಅರಿಸಿನ, ಕುಂಕುಮ ಇಡುವಾಗ ಅದಕ್ಕೂ ಒಂದು ಬೊಟ್ಟು ಇಟ್ಟು, ನನ್ನ ಕಡೆ ಒಮ್ಮೆ ನೋಡಿ ಒಳಗೆ ಹೋಗುತ್ತಾರೆ.