ಘಟಶ್ರಾದ್ಧವೋ, ತಿಥಿಯೋ?

ಎರಡೂ ಸಾವಿನ ಕರ್ಮದ ಸುತ್ತ ಹೆಣೆದ ಕನ್ನಡ ಸಿನಿಮಾಗಳೇ, ಆದರೆ ನೋಡಿ ಮುಗಿಸಿದಾಗ ನೀವಿರುವ ಸ್ಥಿತಿ ಮಾತ್ರ ಪೂರ್ತಿ ಬೇರೆ.

ಗಿರೀಶ್ ಕಾಸರವಳ್ಳಿಯವರ ಘಟಶ್ರಾದ್ಧ 1977ರದ್ದು, ಕಪ್ಪು ಬಿಳುಪು. ಅನಂತಮೂರ್ತಿಯವರ ಕಥೆ. ಬಸುರಿಯಾದ ವಿಧವೆ ಯಮುನಕ್ಕನಿಗೆ ಬದುಕಿರುವಾಗಲೇ ಶ್ರಾದ್ಧ ಮಾಡಿ ಹೊರಗೆ ಹಾಕುತ್ತಾರೆ, ಅದನ್ನೆಲ್ಲ ಪುಟ್ಟ ಹುಡುಗ ನಾಣಿಯ ಕಣ್ಣಿಂದ ನೋಡುತ್ತೇವೆ, ಅವನಿಗೆ ಅರ್ಥವಾಗದ್ದೆಲ್ಲ ನಮಗೆ ಅರ್ಥವಾಗುತ್ತದಲ್ಲ, ಸಂಕಟ ಇರುವುದೇ ಅಲ್ಲಿ. ನಿಧಾನ ಜಾಸ್ತಿ. ಊಟ ಮಾಡುತ್ತಾ, ಮೊಬೈಲ್ ಹಿಡಿದುಕೊಂಡು ನೋಡುವುದಾದರೆ ಬೇಡವೇ ಬೇಡ.

ರಾಮ್ ರೆಡ್ಡಿಯವರ ತಿಥಿ 2016ರಲ್ಲಿ ಇಲ್ಲಿ ಬಿಡುಗಡೆಯಾಯಿತು. ಮಂಡ್ಯ ಕಡೆಯ ಹಳ್ಳಿ, ನಟಿಸಿದವರೂ ಹೆಚ್ಚಾಗಿ ಹಳ್ಳಿಯವರೇ. 101 ವರ್ಷದ ಸೆಂಚುರಿ ಗೌಡ ಸತ್ತ ಮೇಲೆ ಮೊಮ್ಮಗನಿಗೆ ಜಮೀನಿನ ಚಿಂತೆ, ಮಗ ಗಡ್ಡಪ್ಪನಿಗೆ ಯಾವ ಚಿಂತೆಯೂ ಇಲ್ಲ. ಬೈಗುಳ ಬೇಕಾದಷ್ಟಿದೆ, ಅತ್ತೆ ಮಾವನ ಜೊತೆ ಕೂತರೆ ಸ್ವಲ್ಪ ಮುಜುಗರ!

ಮನೆಮಂದಿಗೆಲ್ಲ ನಗು ಬೇಕಾ, ತಿಥಿ ಹಾಕಿ. ನನ್ನನ್ನೇ ಕೇಳಿದರೆ, ರಾತ್ರಿ ಒಬ್ಬರೇ ಕೂತು ಘಟಶ್ರಾದ್ಧ ನೋಡಿ.